ನಾನು ನರಕಕ್ಕೆ ಟ್ರಾಲಿ ಇಳಿಸಿದ್ದು

ಪ್ರವಚನ ನಡೆಯುವ ಕಡೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಇದು ಭಕ್ತಿಯ ಕೊರತೆ ಎಂದು ನನ್ನ ಹೆಂಡತಿಯೂ, ಮೂಲವ್ಯಾಧಿ ಎಂದು ನನ್ನ ಸ್ನೇಹಿತರೂ ತೀರ್ಮಾನಿಸಿ ಬಹಳ ವರ್ಷಗಳಾದವು. ಕಳೆದ ವಾರ ಮಂಡ್ಯದಲ್ಲಿ ನಮ್ಮ ಬೀದಿಯ ಭಜನೆ ಮನೆಗೆ ಯಾರೋ ಹೊಸಬರು ಬಂದು, ಧ್ವನಿವರ್ಧಕ ಹಾಕಿಕೊಂಡು ಯಮಲೋಕವನ್ನು ವರ್ಣಿಸತೊಡಗಿದರು. ಕಾದ ಎಣ್ಣೆಯ ಕೊಪ್ಪರಿಗೆ ಬಂತು, ನಾನು ಕುರ್ಚಿಯಿಂದ ಎದ್ದೆ. ಮುಳ್ಳಿನ ಹಾಸಿಗೆ ಬಂತು, ಚಪ್ಪಲಿ ಮೆಟ್ಟಿದೆ. ಕೊಡೆ ಹಿಡಿದುಕೊಂಡು ರೈಲ್ವೆ ಸ್ಟೇಷನ್ನಿನವರೆಗೂ ನಡೆದು, ಮೈಸೂರಿನ ಗಾಡಿ ಹೊರಡುವುದನ್ನು ನೋಡಿ, ಬೇಡದ ಒಂದು ಕಾಫಿ ಕುಡಿದು ಹಿಂತಿರುಗಿದರೆ ಪಾಪಿಗಳು ಇನ್ನೂ ಬೇಯುತ್ತಲೇ ಇದ್ದರು. ಮತ್ತೆ ಒಂದು ಸುತ್ತು ಹೋದೆ.

"ನಿಮಗೆ ನರಕ ಅಂದ್ರೆ ಅಷ್ಟು ಭಯವೆ?" ಎಂದಳು ಹೆಂಡತಿ.

"ನರಕದ ಭಯ ಅಲ್ಲ ಕಣೆ, ಅದನ್ನು ವರ್ಣಿಸೋರ ಭಯ" ಎಂದೆ.

ಅವಳು ನಂಬಲಿಲ್ಲ. ನೀವಾದರೂ ನಂಬಬೇಕು, ಏಕೆಂದರೆ ಹರೆಯದಲ್ಲಿ ಸುಮಾರು ಐದು ವರ್ಷ ನಾನೇ ಪ್ರವಚನಕಾರನಾಗಿದ್ದೆ. ವರ್ಣಿಸುವವರಲ್ಲಿ ನಾನೂ ಒಬ್ಬನಾಗಿದ್ದೆ. ಸಾಮಾನ್ಯ ವರ್ಣನೆಯೂ ಅಲ್ಲ.

ವರ್ಣನೆಯ ಚಟ ನನಗೆ ಬಂದದ್ದು ಮದ್ದೂರಿನ ನನ್ನ ಅಜ್ಜಿಯಿಂದ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ಊಟದ ಜೊತೆಗೆ ಕಥೆ ಖಾಯಂ. ಅಜ್ಜಿಯ ಕಥೆಯಲ್ಲಿ ಯಾವುದೂ "ಬಹಳ ದೊಡ್ಡದು" ಆಗಿರುತ್ತಿರಲಿಲ್ಲ. ರಾಕ್ಷಸ ಶಿಂಷಾ ಹೊಳೆಯಲ್ಲಿ ಕಾಲು ತೊಳೆಯಲು ಕೂತರೆ ಅವನ ಮಂಡಿ ರೈಲು ಸೇತುವೆಗೆ ತಾಕುತ್ತಿತ್ತು. ರಾಜಕುಮಾರಿಯ ಸೆರಗು ನಮ್ಮ ಹಿತ್ತಿಲ ಬಾವಿಯಿಂದ ಎದುರು ಮನೆಯ ಜಗಲಿಯವರೆಗೆ ಬರುತ್ತಿತ್ತು. ಮಾಟಗಾತಿಯ ಹಲ್ಲು ನಮ್ಮ ಮನೆಯ ಈಳಿಗೆಮಣೆಯದೇ ಹಲ್ಲು, ಅದನ್ನು ಅಜ್ಜಿ ತೋರಿಸಿಯೇ ಮುಂದಕ್ಕೆ ಹೋಗುವಳು. ಇದರಿಂದ ನಾನು ಬೆಳಗಿನ ಹೊತ್ತೂ ಒಬ್ಬನೇ ಹಿತ್ತಿಲಿಗೆ ಹೋಗಲು ಹೆದರಿ ಮನೆಯವರಿಗೆಲ್ಲ ತೊಂದರೆ ಕೊಡುತ್ತಿದ್ದೆ. ಆದರೆ ಅಜ್ಜಿಗೆ ಒಂದು ನಿಯಮವಿತ್ತು. ಕಥೆ ಮುಗಿದ ಮೇಲೆ ರಾಕ್ಷಸನನ್ನು ಹಾಗೆಯೇ ಹೊಳೆಯಲ್ಲಿ ಬಿಟ್ಟು ಏಳುತ್ತಿರಲಿಲ್ಲ. "ಆಮೇಲೆ ಅವನು ಮನೆಗೆ ಹೋದ, ಅವರಮ್ಮ ಮೊಸರನ್ನ ಕಲಸಿ ಕೊಟ್ಟಳು, ಉಂಡು ಮಲಗಿದ" ಎಂದು ಹೇಳಿಯೇ ಏಳುವಳು. ಅಜ್ಜಿಯಿಂದ ನಾನು ರಾಕ್ಷಸನನ್ನು ಕಲಿತೆ, ಮೊಸರನ್ನವನ್ನು ಕಲಿಯಲಿಲ್ಲ.

ಮೈಸೂರಿನಲ್ಲಿ ಒಂದಷ್ಟು ಸಂಸ್ಕೃತ ಓದಿ, ಪೂರ್ತಿ ಮಾಡುವ ಸಹನೆಯಿಲ್ಲದೆ ಬಿಟ್ಟು, ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ಸೋದರಮಾವ ಶಿವನಸಮುದ್ರದಲ್ಲಿ ಗುಮಾಸ್ತರಾಗಿದ್ದರು. ಜಲಪಾತದ ನೀರಿನಿಂದ ಕರೆಂಟು ತೆಗೆಯುವ ಪವರ್ ಹೌಸು ಕೆಳಗೆ ಕಣಿವೆಯಲ್ಲಿತ್ತು, ನೌಕರರ ಕಾಲೊನಿ ಮೇಲಿತ್ತು. ಸುತ್ತಲಿನವರ ಬಾಯಲ್ಲಿ ಅದು ಬ್ಲಫ್ಫು. ಕಾಲೊನಿಯ ಭಜನೆ ಮನೆಗೆ ಶನಿವಾರ ಸಂಜೆ ಪ್ರವಚನ ಮಾಡುವವರು ಬೇಕಾಗಿದ್ದರು. "ನಮ್ಮ ಹುಡುಗ ಸಂಸ್ಕೃತ ಓದಿದ್ದಾನೆ" ಎಂದು ಮಾವ ಹೇಳಿಬಿಟ್ಟರು. ಎಲ್ಲಿಯವರೆಗೆ ಓದಿದ್ದೆ ಎಂದು ಹೇಳಲಿಲ್ಲ. ಹೀಗೆ ನಾನು ಪ್ರತಿ ಶನಿವಾರ ಸ್ಕೂಲು ಮುಗಿಸಿ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಕಾಲದ ಬಸ್ಸು ಹತ್ತಿ, ಮೂಗಿನ ಕೆಳಗೆ ಮಸಿಯ ಮೀಸೆ ಬರೆಸಿಕೊಂಡು ಬ್ಲಫ್ಫಿನಲ್ಲಿ ಇಳಿಯತೊಡಗಿದೆ.

ಮೊದಮೊದಲ ಪ್ರವಚನಗಳನ್ನು ನೆನೆದರೆ ಈಗಲೂ ಕಾಲಿನ ಬೆರಳು ಮುದುರಿಕೊಳ್ಳುತ್ತವೆ. ಮಾಯೆ ಎಂದೆ, ಸಂಸಾರ ಎಂದೆ, ವೈರಾಗ್ಯ ಎಂದೆ. ದಿನವೆಲ್ಲ ಯಂತ್ರದ ಬಳಿ ದುಡಿದು ಬಂದವರು ಗೋಡೆಗೆ ಒರಗಿ, ಎರಡನೆಯ ವೈರಾಗ್ಯದ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದರು. ಅದು ಧ್ಯಾನ ಎಂದು ನಾನು ತಿಳಿದುಕೊಂಡೆ. ಗೊರಕೆ ಕೇಳಿದ ಮೇಲೆ ಅನುಮಾನ ಬಂತು.

ಅನುಮಾನವನ್ನು ಪರಿಹರಿಸಿದವರು ಬಾಷಾ ಸಾಹೇಬರು. ಅವರು ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರು, ಮಳವಳ್ಳಿಯ ಕಡೆಯವರು. ಸಂಜೆ ಭಜನೆ ಮನೆಯ ಹೊರಗಿನ ಬೇವಿನ ಕಟ್ಟೆಯಲ್ಲಿ ಕೂತು ಗಾಳಿ ತೆಗೆದುಕೊಳ್ಳುವುದು ಅವರ ರೂಢಿ. ಹಾಗೆ ಕೂತವರ ಕಿವಿಗೆ ನನ್ನ ಮಾತು ಬಿಟ್ಟಿಯಾಗಿ ಬೀಳುತ್ತಿತ್ತು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೆ, ಬ್ಯಾಸರ ಮಾಡ್ಕಬ್ಯಾಡಿ. ನೀವು ಯೋಳದು ಕಿವಿಗಂಟ ಬತ್ತದೆ, ಅಲ್ಲೇ ನಿಂತೋಯ್ತದೆ. ಕಣ್ಗೆ ಬರಾಕಿಲ್ಲ."

"ಕಣ್ಣಿಗೆ ಹೇಗೆ ಬರಬೇಕು ಸಾಹೇಬರೆ? ಮಾತಲ್ಲವೆ?"

"ವಸಬ್ರಿಗೆ ನಾನು ಕೆಲ್ಸ ಯೋಳ್ಕೊಡಾವಾಗ ಬಿಗಿ ಅಂದ್ರೆ ಇಂಗೆ, ಸಡ್ಲ ಅಂದ್ರೆ ಅಂಗೆ ಅಂತ ಬಾಸ್ಣ ಮಾಡಾಕಿಲ್ಲ. ಒಂದು ಬೋಲ್ಟು ಕೈಗೆ ಕೊಟ್ಬುಡ್ತೀನಿ. ನೀವೂ ಒಂದು ಬೋಲ್ಟು ಕೊಡಿ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಮುಂದಿನ ವಾರವೆಲ್ಲ ಬೋಲ್ಟು ಹುಡುಕುತ್ತ ಮಳವಳ್ಳಿಯ ಕೆರೆ ಏರಿಯ ಮೇಲೆ ಅಡ್ಡಾಡಿದೆ. ನಾನು ಕೂತು ಯೋಚಿಸುವ ಜಾತಿಯವನಲ್ಲ. ನಡೆಯಬೇಕು, ಕೈ ಬೀಸಬೇಕು, ಗಟ್ಟಿಯಾಗಿ ಹೇಳಿಕೊಳ್ಳಬೇಕು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ತನ್ನ ಗಂಟು ಎತ್ತಿಕೊಂಡು ಬೇರೆ ಮೆಟ್ಟಿಲಿಗೆ ಹೋದಳು. ಆದರೆ ಶನಿವಾರ ನನ್ನ ಬಳಿ ಹೇಳಲು ಏನೋ ಇತ್ತು. ಆಸೆ ಎಂದರೆ ಹಲಸಿನ ಹಣ್ಣು ಬಿಡಿಸಿದ ಕೈ ಎಂದೆ. ಎಣ್ಣೆ ಸವರದೆ ಕೈ ಹಾಕಿದಿರಿ, ಅಂಟಿತು, ಬಿಡಿಸಲು ಇನ್ನೊಂದು ಕೈ ತಂದಿರಿ, ಅದೂ ಅಂಟಿತು, ಅಷ್ಟರಲ್ಲಿ ಮೂಗು ತುರಿಸಿತು. ಎರಡು ಅಂಟುಗೈ ಎತ್ತಿಕೊಂಡು ಮೂಗನ್ನೇ ನೋಡುತ್ತ ನಿಂತೆ. ಗೋಡೆಗೊರಗಿದವರು ನಕ್ಕು ಮುಂದಕ್ಕೆ ಬಾಗಿದರು. ಅದರ ಮುಂದಿನ ವಾರ ಕೋಪ ಆಲೆಮನೆಯ ಕೊಪ್ಪರಿಗೆಯಾಯಿತು. ಮಡ್ಡಿ ಮೇಲೆ ಬಂದಾಗ ತೆಗೆದರೆ ಬೆಲ್ಲ, ಬಿಟ್ಟರೆ ಕರಕು. ಆಲೆಮನೆ ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರು? "ನಮ್ಮತ್ತೆ ಮಡ್ಡಿ ತೆಗ್ಯಕ್ಕೆ ಯಾವ ಸೌಟೂ ಸಾಲಾಕಿಲ್ಲ ಮೇಷ್ಟ್ರೆ" ಎಂದು ಹೆಂಗಸರ ಕಡೆಯಿಂದ ಒಂದು ಧ್ವನಿ ಬಂದು ಸಭೆಯೆಲ್ಲ ನಗೆಯಾಯಿತು.

ಜನ ಹೆಚ್ಚಿದರು. ಹೊರಗಿನ ಕಟ್ಟೆಯೂ ತುಂಬಿತು. ಪ್ರವಚನಕ್ಕೆ ಮುಂಚೆ ಒಂದು ಲೋಟ, ಆದ ಮೇಲೆ ಒಂದು ಲೋಟ ಕಾಫಿ ಬರತೊಡಗಿತು. ನಾನು ಒಂದು ಜರಿ ಅಂಚಿನ ಶಲ್ಯ ಕೊಂಡೆ. ಇಷ್ಟು ಹೇಳಿದರೆ ನನ್ನ ತಲೆ ಎಷ್ಟು ತಿರುಗಿತ್ತೆಂದು ನಿಮಗೆ ತಿಳಿಯುತ್ತದೆ. ಈಗ ಬೆಲ್ಲ, ಹಲಸು ನನಗೆ ಸಾಲದಾದವು. ಜನ ನಗುವುದು ಸರಿ, ಉಸಿರು ಬಿಗಿಹಿಡಿಯಬೇಡವೆ ಎನ್ನಿಸಿತು. ಪಾಪಿಯ ಪತನವನ್ನು ಎತ್ತಿಕೊಂಡೆ.

ಪತನಕ್ಕೆ ಬೋಲ್ಟು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿರಲಿಲ್ಲ. ಕಾಲೊನಿಯ ಅಂಚಿನಲ್ಲಿ ನಿಂತರೆ ಕಣಿವೆ ಕಾಣುತ್ತದೆ. ದೊಡ್ಡ ದೊಡ್ಡ ನೀರಿನ ಪೈಪುಗಳು ಬಂಡೆಯ ಇಳಿಜಾರಿನಲ್ಲಿ ಕೆಳಗಿಳಿಯುತ್ತವೆ. ಅವುಗಳ ಪಕ್ಕದಲ್ಲಿ ಕಂಬಿ ಹಾಕಿ ಒಂದು ಟ್ರಾಲಿ ಬಿಟ್ಟಿದ್ದರು. ಕೆಲಸದವರು ಅದರಲ್ಲಿ ಕೂತರೆ, ಮೇಲಿನ ಯಂತ್ರ ತಂತಿಯ ಹಗ್ಗವನ್ನು ಸಡಿಲಿಸುತ್ತ ಅವರನ್ನು ಪವರ್ ಹೌಸಿಗೆ ಇಳಿಸುತ್ತಿತ್ತು. ಹೆಚ್ಚು ಕಡಿಮೆ ಗೋಡೆಗೆ ಏಣಿ ಇಟ್ಟಷ್ಟು ಕಡಿದು ಎಂದು ನನ್ನ ಕಣ್ಣಿಗೆ ಕಂಡಿತ್ತು. ಒಂದು ಸಲ ದೂರದಿಂದ ಇಣುಕಿ ನೋಡಿ, ತಲೆ ಸುತ್ತಿ, ಬೇಲಿ ಹಿಡಿದುಕೊಂಡು ಹಿಂದಕ್ಕೆ ಬಂದಿದ್ದೆ. ನನಗೆ ಟ್ರಾಲಿಯ ವಿಷಯ ಗೊತ್ತಿದ್ದುದು ಅಷ್ಟೆ.

ಆ ಶನಿವಾರ ಹೇಳಿದೆ: "ಜೀವ ಒಂಟಿಯಾಗಿ ಟ್ರಾಲಿಯ ಹಲಗೆಯ ಮೇಲೆ ಕೂತಿದೆ. ಕೆಳಗೆ ಕತ್ತಲೆ. ಕತ್ತಲೆಯೊಳಗೆ ನೀರು ಮೊರೆಯುತ್ತಿದೆ. ಮೇಲೆ ಒಂದೇ ಒಂದು ಹಗ್ಗ. ಹಗ್ಗಕ್ಕೆ ಎಷ್ಟೋ ಎಳೆ. ಮಾಡಿದ ಒಂದೊಂದು ಪಾಪಕ್ಕೂ ಒಂದೊಂದು ಎಳೆ..." ಎಂದು ನಿಲ್ಲಿಸಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ "ಟಕ್" ಎನ್ನಿಸಿದೆ. "ಸುಳ್ಳು ಆಣೆ ಇಟ್ಟೆಯಾ? ಟಕ್. ಒಡಹುಟ್ಟಿದವನ ಮೇಲೆ ಕೈ ಮಾಡಿದೆಯಾ? ಟಕ್. ಹೆತ್ತವಳನ್ನು ಕಡೆಗಾಲದಲ್ಲಿ ನೋಡಲಿಲ್ಲವಾ? ಟಕ್." ಹೆಂಗಸರ ಕಡೆಯಿಂದ "ಅಯ್ಯೋ!" ಎಂದು ಯಾರೋ ಕೂಗಿದರು. ಹಗ್ಗ ಹರಿಯಿತು ಎನ್ನುವಲ್ಲಿಗೆ ಪ್ರವಚನ ಮುಗಿಸಿ ಮಂಗಳಾರತಿ ಮಾಡಿಸಿದೆ. ಯಾರೂ ಮಾತಾಡದೆ ಮನೆಗೆ ಹೋದರು. ಇಂಥ ಪ್ರವಚನ ಈ ಸೀಮೆಯಲ್ಲಿ ಆಗಿಲ್ಲ ಎಂದುಕೊಂಡು ಮಾವನ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚಾಗಿ ತಿಂದೆ.

ಮುಂದಿನ ಶನಿವಾರ ಬಸ್ಸು ಇಳಿಯುವಷ್ಟರಲ್ಲಿ ಬಾಷಾ ಸಾಹೇಬರು ನನಗಾಗಿ ಕಾಯುತ್ತ ನಿಂತಿದ್ದರು.

"ಏನ್ ಮಾಡ್ಬುಟ್ರಿ ಮೇಷ್ಟ್ರೆ! ಬೋಲ್ಟು ಕೊಡಿ ಅಂದ್ರೆ ನೀವು ಸುತ್ಗೇಲಿ ತಲೆ ಮ್ಯಾಕೇ ವಡ್ದ್ರಲ್ಲ!"

ವಿಷಯ ಇಷ್ಟು. ಕೆಳಗೆ ಪವರ್ ಹೌಸಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸದ ಮರಿಗೌಡ ಎಂಬಾತ ಸೋಮವಾರದಿಂದ ಕೆಲಸಕ್ಕೆ ಬಂದಿರಲಿಲ್ಲ. ಬರಲು ಅವನ ಹೆಂಡತಿ ಚಿಕ್ಕತಾಯಮ್ಮ ಬಿಟ್ಟಿರಲಿಲ್ಲ. ಹೊಸ್ತಿಲಿಗೆ ಅಡ್ಡ ಕೂತು, "ಟ್ರಾಲಿ ಅತ್ಬೇಕು ಅಂದ್ರೆ ನನ್ನ ದಾಟ್ಕಂಡೋಗಿ" ಎಂದಿದ್ದಳಂತೆ. ಮಂಡ್ಯದ ಹತ್ತಿರ ಹೊಳಲಿನವರು ಅವರು. ಊರಿನಲ್ಲಿ ಗದ್ದೆಯ ನೀರಿನ ಸರದಿಗೆ ಜಗಳವಾಗಿ ಮರಿಗೌಡ ಅಣ್ಣನಿಗೆ ಹೊಡೆದು, ಅದೇ ಕೋಪದಲ್ಲಿ ಊರು ಬಿಟ್ಟು ಬಂದು ಈ ಕೆಲಸ ಹಿಡಿದಿದ್ದ. ಆಮೇಲೆ ತಾಯಿ ಸತ್ತಾಗ ಸುದ್ದಿ ತಡವಾಗಿ ಬಂದು ಮಣ್ಣಿಗೂ ಹೋಗಲಿಲ್ಲ. ಇದೊಂದೂ ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಎಸೆದ ಕಲ್ಲು ಒಂದೇ ಮನೆಯ ಮೇಲೆ ಎರಡು ಸಲ ಬಿದ್ದಿತ್ತು.

"ಯುದ್ಧದ್ ಕಾಲ. ಕೋಲಾರದ್ ಗಣಿಗೂ ಬೆಂಗ್ಳೂರಿಗೂ ಇಲ್ಲಿಂದ್ಲೇ ಕರೆಂಟ್ ಓಗ್ಬೇಕು. ನಮ್ ದೊಡ್ ಸಾಹೇಬ್ರು ಒಳ್ಳೇರು, ಸೋಮವಾರಗಂಟ ನೋಡ್ತೀನಿ ಅಂದವ್ರೆ. ಆಮೇಲೆ ಬ್ಯಾರೇರ್ನ ಆಕ್ಕತ್ತಾರೆ. ಅವ್ರಾದ್ರೂ ಏನ್ ಮಾಡಾರು?" ಎಂದರು ಬಾಷಾ.

ಅಂದು ಪ್ರವಚನ ನಡೆಯಲಿಲ್ಲ. ನೇರವಾಗಿ ಮರಿಗೌಡನ ಮನೆಗೆ ಹೋದೆ. ಚಿಕ್ಕತಾಯಮ್ಮ ಇನ್ನೂ ಹೊಸ್ತಿಲಲ್ಲೇ ಇದ್ದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಅವರೆಕಾಯಿ ಬಿಡಿಸುತ್ತಿದ್ದಳು. ಹೆದರಿದವರ ಹಾಗೆ ಕಾಣಲಿಲ್ಲ. ಲೆಕ್ಕ ಕೂಡಿಸಿ ತೀರ್ಮಾನಕ್ಕೆ ಬಂದವರ ಹಾಗೆ ಕಂಡಳು. ಒಳಗೆ ಮರಿಗೌಡ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

"ತಾಯಿ, ನಾನು ಹೇಳಿದ್ದು ಉಪಮೆ" ಎಂದು ಶುರು ಮಾಡಿದೆ.

"ಅಂದ್ರೆ?"

"ಅಂದರೆ... ಅದು ನಿಜವಾದ ಟ್ರಾಲಿಯಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ಹೇಳುವುದು."

"ತೋರ್ಸಿದ್ದು ಯಾವ್ದು?"

"ಟ್ರಾಲಿ."

"ಟ್ರಾಲಿ ತೋರ್ಸಿ ಟ್ರಾಲಿ ಅಲ್ಲ ಅಂದ್ರೆ ಎಂಗೆ ಮೇಷ್ಟ್ರೆ?" ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಗ್ಗ ಕಣ್ಮುಂದೇ ಬಂದಂಗಾಯ್ತು ನಂಗೆ. ಎಳೆ ಎಳೆ ಎಣಿಸ್ಬುಟ್ಟೆ. ಭಾವ್ನಿಗೆ ವಡ್ದಿದ್ದು ಒಂದು, ಅತ್ತೆ ಮಣ್ಗೋಗ್ದಿದ್ದು ಎಲ್ಡು. ಇನ್ನು ನಂಗೊತ್ತಿಲ್ದೆ ಎಷ್ಟವೋ. ಅಲ್ಲಾ, ನೀವು ಆ ಟ್ರಾಲೀಲಿ ಕೂತಿದ್ದೀರಾ?"

"ಇಲ್ಲ."

"ಅಗ್ಗಾನ ಮುಟ್ಟಿ ನೋಡಿದ್ದೀರಾ?"

"ಇಲ್ಲ."

"ಕೂರ್ದೆ, ಮುಟ್ದೆ, ಎಳೆ ಅರಿಯೋ ಸಬ್ದಾನೂ ಮಾಡ್ಬುಟ್ರಾ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಆಶ್ಚರ್ಯವಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಂತ ಕಾಲನ್ನು ಬದಲಾಯಿಸಿದೆ, ಶಲ್ಯವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಹಾಕಿಕೊಂಡೆ. ಅಲ್ಲಿಂದ ಓಡಿಹೋಗಬೇಕು ಎನ್ನಿಸಿತು. ಓಡಿಹೋದರೆ ಸೋಮವಾರ ಇವನ ಕೆಲಸ ಹೋಗುತ್ತಿತ್ತು.

"ಓಗ್ಬನ್ನಿ" ಎಂದಳು ಚಿಕ್ಕತಾಯಮ್ಮ. "ಇವ್ರು ದಿನಾ ಓಗೋ ಕಡೀಗೆ ಒಂದ್ಸಲ ಓಗ್ಬನ್ನಿ. ಬಂದು ಯೋಳಿ. ಆಮೇಲೆ ಬುಡ್ತೀನಿ."

ಭಾನುವಾರ ಬೆಳಿಗ್ಗೆ ಬಾಷಾ ಸಾಹೇಬರು ಮೇಲಧಿಕಾರಿಗಳ ಅಪ್ಪಣೆ ತಂದಿದ್ದರು. ನನ್ನ ಜೊತೆಗೆ ತಾವೂ ಬಂದರು. ಟ್ರಾಲಿಗೆ ಕಾಲಿಟ್ಟು ಕೂತೆ. ಅದು ಅಲುಗಾಡಿತು, ಇಳಿಯಿತು. ನಾನು ಸಾಹೇಬರ ರಟ್ಟೆ ಹಿಡಿದು ಕಣ್ಣು ಮುಚ್ಚಿದೆ. ಕಂಬಿಯ ಮೇಲೆ ಗಾಲಿ ಸಣ್ಣಗೆ ಸದ್ದು ಮಾಡಿದರೂ ನನ್ನ ಕಿವಿಗೆ "ಟಕ್" ಎಂದೇ ಕೇಳುತ್ತಿತ್ತು. ಸ್ಕೂಲಿನಲ್ಲಿ ನನ್ನ ಕೈಯಲ್ಲಿ ಕಾರಣವಿಲ್ಲದೆ ಏಟು ತಿಂದ ಹುಡುಗರು, ಅಪ್ಪನಿಗೆ ಹೇಳಿದ ಸುಳ್ಳುಗಳು, ಎಲ್ಲ ಎಳೆಗಳೂ ಸಾಲಾಗಿ ಬಂದು ನಿಂತವು. ನನ್ನ ಪ್ರವಚನದಿಂದ ಪೂರ್ತಿಯಾಗಿ ಹೆದರಿದವನು ಯಾರಾದರೂ ಇದ್ದರೆ ಅದು ನಾನೇ. ಕೆಳಗೆ ಇಳಿದದ್ದೂ ನೆನಪಿಲ್ಲ. ಏನೋ ಗುಂಯ್ ಎನ್ನುವ ದೊಡ್ಡ ಕಟ್ಟಡ, ಎಣ್ಣೆಯ ವಾಸನೆ, "ನೋಡಿ ಮೇಷ್ಟ್ರೆ" ಎನ್ನುವ ಸಾಹೇಬರ ಧ್ವನಿ. "ನೋಡಿದೆ, ನೋಡಿದೆ, ನಡೀರಿ" ಎಂದು ಅದೇ ಟ್ರಾಲಿಯಲ್ಲಿ ಕಣ್ಣು ಮುಚ್ಚಿಕೊಂಡು ಮೇಲೆ ಬಂದೆ.

ನೇರವಾಗಿ ಚಿಕ್ಕತಾಯಮ್ಮನ ಮನೆಗೆ.

"ಹೋಗಿ ಬಂದೆ ತಾಯಿ. ಎಲ್ಲ ಭದ್ರವಾಗಿದೆ. ಏನೂ ಭಯವಿಲ್ಲ."

ಅವಳು ಮಣೆ ಹಾಕಿದಳು, ಮಜ್ಜಿಗೆ ಕೊಟ್ಟಳು. ಎದುರಿಗೆ ಕೂತಳು. "ಯೋಳಿ" ಎಂದಳು.

"ಹೇಳಿದೆನಲ್ಲ, ಭದ್ರವಾಗಿದೆ."

"ಅದ್ನ ಇವ್ರೂ ಅಂತಾರೆ. ಮದ್ವೆ ಆದಾಗಿಂದ್ಲೂ ಏನ್ ಕೇಳುದ್ರೂ 'ಎಲ್ಲಾ ಸರ್ಯಾಗದೆ' ಅಂತಾರೆ. ಅತ್ತೆ ಸತ್ತಾಗ್ಲೂ ಅಂಗೇ ಅಂದ್ರು. ನಾನು ಕಂಡಿಲ್ವಲ್ಲ ಮೇಷ್ಟ್ರೆ, ಎಂಗಸ್ರನ್ನ ಅಲ್ಲೀಗೆ ಬುಡಾಕಿಲ್ಲ. ಅಲ್ಲಿ ಕಿಟ್ಕಿ ಅವಾ?"

ನಾನು ಮಜ್ಜಿಗೆ ಲೋಟ ಎತ್ತಿದೆ. "ಇವೆ."

"ಬೆಳ್ಕು ಬತ್ತದಾ? ಕಿಟ್ಕಿ ಬಾಗ್ಲು ಯಾವ ಬಣ್ಣ?"

"ನೀಲಿ" ಎಂದೆ. ಎಷ್ಟು ಸುಲಭವಾಗಿ ಬಂತು ನೋಡಿ ಆ ನೀಲಿ! ನಾಲಿಗೆ ತಾನಾಗಿಯೇ ಬಣ್ಣ ಹಚ್ಚಿಬಿಟ್ಟಿತು. ಅಷ್ಟೇ ಅಲ್ಲ, "ತಿಳಿ ನೀಲಿ, ಬಿಸಿಲು ಬಿದ್ದಾಗ ಕೊಳದ ನೀರಿನ ಹಾಗೆ..." ಎಂದು ಇನ್ನೂ ಮುಂದಕ್ಕೆ ಹೊರಟಿದ್ದೆ.

ಒಳಗಿನಿಂದ ಮರಿಗೌಡ ಮೆಲ್ಲಗೆ ಹೇಳಿದ: "ನೀಲಿ ಅಲ್ಲ ಸ್ವಾಮಿ. ಅಸ್ರು."

ಆ ಒಂದು ಮಾತಿನಿಂದ ನಾನು ಕಲಿತಷ್ಟನ್ನು ಮೈಸೂರಿನಲ್ಲಿ ಕಲಿತಿರಲಿಲ್ಲ. ಚಿಕ್ಕತಾಯಮ್ಮ ಬೈಯಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಇಟ್ಟುಬಂದಳು. ಮತ್ತೆ ಹೊಸ್ತಿಲಲ್ಲಿ ಕೂತಳು, ಮೊದಲಿಗಿಂತ ಸ್ವಲ್ಪ ಅಗಲವಾಗಿ.

"ಕಣ್ಣು ಮುಚ್ಚಿಕೊಂಡಿದ್ದೆ ತಾಯಿ" ಎಂದೆ. "ಹೆದರಿಕೆಯಾಯಿತು."

ಅವಳ ಮುಖ ಮೊದಲ ಸಲ ಸಡಿಲವಾಯಿತು. "ನಿಮ್ಗೂವಾ?"

"ನನಗೂ. ಮತ್ತೆ ಹೋಗುತ್ತೇನೆ. ಏನೇನು ನೋಡಿಕೊಂಡು ಬರಬೇಕು ಹೇಳಿ."

ಅವಳು ಬೆರಳು ಮಡಿಸಿ ಹೇಳಿದಳು. ಹಗ್ಗ ಎಷ್ಟು ದಪ್ಪ. ಅದನ್ನು ಯಾರು ನೋಡಿಕೊಳ್ಳುತ್ತಾರೆ. ಇವರು ನಿಲ್ಲುವ ಜಾಗದಲ್ಲಿ ನೆಲ ಜಾರುತ್ತದೆಯೋ ಇಲ್ಲವೋ. ದಣಿವಾದರೆ ಕೂರುವುದಕ್ಕೆ ಏನಿದೆ. ಕಡೆಯದಾಗಿ, ಬುತ್ತಿ ಎಲ್ಲಿ ಮಡಗುತ್ತಾರೆ.

ಮಧ್ಯಾಹ್ನ ಮತ್ತೆ ಹೋದೆ. ಈ ಸಲ ಮೊದಲು ಮೇಲಿನ ಯಂತ್ರದ ಬಳಿ ನಿಂತೆ. ಅಲ್ಲಿ ಎಲೆಯಡಿಕೆ ಹಾಕಿಕೊಂಡಿದ್ದ ಒಬ್ಬ ಮುದುಕ ಇದ್ದ. ಟ್ರಾಲಿ ಇಳಿಸುವುದು ಏರಿಸುವುದು ಅವನ ಕೆಲಸ. ಹಗ್ಗ ನನ್ನ ಹೆಬ್ಬೆರಳು ತೋರುಬೆರಳು ಸೇರಿಸಿ ಮಾಡಿದ ಉಂಗುರವನ್ನು ತುಂಬುವಷ್ಟು ದಪ್ಪವಿತ್ತು. ಗ್ರೀಸು ಬಳಿದು ಕಪ್ಪಗಿತ್ತು. "ಇದನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದೆ. ಅವನು ಒಂದು ಹಳೆಯ ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ಹಿಡಿದು ಗೇಣು ಗೇಣಾಗಿ ಒರೆಸುತ್ತ ಹೋದ. "ದಿನಾ ಬೆಳಗಾಗೆದ್ದು ಇದೇಯ. ಒಂದು ಎಳೆ ಎದ್ದಿದ್ರೂ ಬಟ್ಟೆ ಸಿಕ್ಕಾಕತ್ತದೆ. ಸಿಕ್ಕಾಕತ್ತು ಅಂದ್ರೆ ಟ್ರಾಲಿ ನಿಂತೋಯ್ತದೆ" ಎಂದು ಎಲೆ ಉಗಿದ.

ಇಳಿಯುವಾಗ ಕಣ್ಣು ತೆರೆದಿದ್ದೆ. ಭಯ ಹೋಗಿತ್ತು ಎಂದಲ್ಲ, ನೋಡಬೇಕಾದ್ದು ಬಹಳ ಇತ್ತು. ಬಂಡೆಯ ಸೀಳಿನಲ್ಲಿ ಒಂದು ಅತ್ತಿಮರ. ಪೈಪಿನ ಮೇಲೆ ಕೂತು ಮರಿಯ ಹೇನು ಹೆಕ್ಕುತ್ತಿದ್ದ ಕೋತಿ. ದೂರದಲ್ಲಿ ಹೊಳೆ. ಕೆಳಗೆ, ಮರಿಗೌಡ ನಿಲ್ಲುವ ಜಾಗದಲ್ಲಿ ಗೋಣಿತಾಟು ಹಾಸಿತ್ತು. ಕೂರಲು ಒಂದು ಮರದ ಪೆಟ್ಟಿಗೆ. ಗೋಡೆಯ ಮೊಳೆಯಲ್ಲಿ ಅವನ ಟವೆಲು ವಾರದಿಂದ ಹಾಗೆಯೇ ತೂಗುತ್ತಿತ್ತು. ಉದ್ದ ಮೂತಿಯ ಎಣ್ಣೆಯ ಡಬ್ಬಿಯನ್ನು ಇನ್ನೊಬ್ಬ ಹಿಡಿದಿದ್ದ. "ಇದು ಗೌಡಂದು. ಅವನು ಬರಗಂಟ ನಾನು" ಎಂದ. ಬುತ್ತಿಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿದ್ದವು. ಕಿಟಕಿ ಹಸಿರು.

ಸಂಜೆ ಚಿಕ್ಕತಾಯಮ್ಮನ ಮುಂದೆ ಕೂತು ಇದನ್ನೆಲ್ಲ ಹೇಳಿದೆ. ಒಂದೂ "ಹಾಗೆ" ಹಾಕಲಿಲ್ಲ, ಒಂದೂ "ಅಂತೆ" ಹಾಕಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಬಡ ಪ್ರವಚನ ಇನ್ನೊಂದಿಲ್ಲ. ಬಟ್ಟೆಯ ವಿಷಯಕ್ಕೆ ಬಂದಾಗ ಅವಳು ತಡೆದಳು.

"ಗೇಣು ಗೇಣಾಗಾ?"

"ಗೇಣು ಗೇಣಾಗಿ."

"ದಿನಾ?"

"ದಿನಾ ಬೆಳಿಗ್ಗೆ."

ತನ್ನ ಸೆರಗಿನ ತುದಿಯನ್ನು ಹಿಡಿದು, ಬಾಗಿಲ ಕಂಬಕ್ಕೆ ಸುತ್ತಿ ಒಂದು ಗೇಣು ಎಳೆದಳು. ಸಿಬಿರಿಗೆ ಸಿಕ್ಕಿಕೊಂಡಿತು. ಬಿಡಿಸಿದಳು, ಮತ್ತೆ ಎಳೆದಳು. ಮನಸ್ಸನ್ನೂ ಹೀಗೆಯೇ ದಿನಾ ಒರೆಸಿ ನೋಡಬೇಕು ಎನ್ನುವ ಒಂದು ಭರ್ಜರಿ ಉಪಮೆ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನನ್ನ ಬಾಳಿನಲ್ಲಿ ಮಾಡಿದ ತಪಸ್ಸು ಎಂದರೆ ಅದೊಂದೇ.

"ಅಂಗಾರೆ ಭಾವ್ನಿಗೆ ವಡ್ದಿದ್ದು?" ಎಂದಳು ಕಡೆಗೆ.

"ಅದಕ್ಕೂ ಈ ಹಗ್ಗಕ್ಕೂ ಸಂಬಂಧವಿಲ್ಲ ತಾಯಿ. ಸಂಬಂಧವಿದೆ ಎನ್ನುವ ಹಾಗೆ ಹೇಳಿದ್ದು ನನ್ನ ತಪ್ಪು. ಅದಕ್ಕೆ ಹೊಳಲಿಗೆ ಹೋಗಬೇಕು, ಅಷ್ಟೆ."

ಮರಿಗೌಡ ಗೋಡೆಯಿಂದ ಮುಖ ತಿರುಗಿಸಿದ. ಕಣ್ಣು ಕೆಂಪಾಗಿದ್ದವು. "ಓಯ್ತೀನಿ ಬುಡು" ಎಂದ ಹೆಂಡತಿಗೆ. "ರಜ ಕೊಟ್ಟಾಗ ಓಯ್ತೀನಿ. ನೀನೂ ಬಾ."

ಚಿಕ್ಕತಾಯಮ್ಮ ಎದ್ದಳು. ಹೊಸ್ತಿಲು ಖಾಲಿಯಾಯಿತು.

ಸೋಮವಾರ ಅವನು ಟ್ರಾಲಿ ಹತ್ತಿದ್ದನ್ನು ನಾನು ನೋಡಲಿಲ್ಲ. ಮಳವಳ್ಳಿಯಲ್ಲಿ ಮಕ್ಕಳಿಗೆ ಉಕ್ತಲೇಖನ ಹೇಳುತ್ತ, ಒಂದೇ ವಾಕ್ಯವನ್ನು ಮೂರು ಸಲ ಬರೆಸುತ್ತ, ಕಿಟಕಿಗೂ ಬೋರ್ಡಿಗೂ ನಡುವೆ ಓಡಾಡುತ್ತಿದ್ದೆ. ಬುಧವಾರ ಬಾಷಾ ಸಾಹೇಬರು ಬಸ್ಸಿನ ಡ್ರೈವರ್ ಕೈಯಲ್ಲಿ ಹೇಳಿಕಳಿಸಿದ ಮೇಲೆ ನಿದ್ದೆ ಬಂತು. ಹೊಳಲಿಗೂ ಅವರು ಹೋದರು. ಅಣ್ಣ ಮೊದಲ ದಿನ ಮಾತಾಡಲಿಲ್ಲವಂತೆ. ಎರಡನೆಯ ದಿನ ಮಾತಿಲ್ಲದೆಯೇ ಗುದ್ದಲಿ ತಂದು ತಮ್ಮನ ಕೈಗೆ ಕೊಟ್ಟು, ನೀರು ತಿರುಗಿಸಲು ಗದ್ದೆಗೆ ಕಳಿಸಿದನಂತೆ. ಇದನ್ನು ಹೇಳುವಾಗ ಚಿಕ್ಕತಾಯಮ್ಮ ಅಣ್ಣ ಯಾವ ಕೈಯಲ್ಲಿ ಗುದ್ದಲಿ ಹಿಡಿದಿದ್ದ ಎಂಬುದನ್ನೂ ಬಿಡಲಿಲ್ಲ.

ನಾನು ಪ್ರವಚನವನ್ನು ಬಿಟ್ಟುಬಿಡಬೇಕೆಂದಿದ್ದೆ. ಅವಳು ಬಿಡಗೊಡಲಿಲ್ಲ. ಮೂರು ವಾರ ನಾನು ಹೋಗದಿದ್ದಾಗ "ಮೇಷ್ಟ್ರಿಗೆ ಉಸಾರಿಲ್ವಾ" ಎಂದು ಮಾವನ ಮನೆಗೆ ಹೋಗಿ ಕೇಳಿದಳಂತೆ. ನಾನು ಮತ್ತೆ ಶುರು ಮಾಡಿದಾಗ ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಬಂದು ಕೂತಳು. ಅಲ್ಲಿಂದ ನನ್ನ ಕಷ್ಟಕಾಲ ಆರಂಭವಾಯಿತು. ಮಾತಿನ ಭರದಲ್ಲಿ ನಾನು ಎಲ್ಲಾದರೂ ಸ್ವಲ್ಪ ಮೇಲಕ್ಕೆ ಹಾರಿದೆನೋ, 'ಚಂದ್ರಕಾಂತ ಶಿಲೆ' ಎಂದೆನೋ, 'ಸಿಂಹದ ಗರ್ಜನೆ' ಎಂದೆನೋ, ಮೊದಲ ಸಾಲಿನಿಂದ ತಣ್ಣಗೆ ಬರುತ್ತಿತ್ತು:

"ನೋಡಿದ್ದೀರಾ ಮೇಷ್ಟ್ರೆ?"

ಸಭೆ ನಗುತ್ತಿತ್ತು. ನಾನು ಸಿಂಹವನ್ನು ಬಿಟ್ಟು ಮೈಸೂರಿನಲ್ಲಿ ಬೋನಿನೊಳಗೆ ನೋಡಿದ್ದ, ನೊಣ ಓಡಿಸುತ್ತ ಮಲಗಿದ್ದ ಸಿಂಹಕ್ಕೆ ಇಳಿಯುತ್ತಿದ್ದೆ. ಆ ಪ್ರಶ್ನೆ ನನ್ನನ್ನು ನಿಲ್ಲಗೊಡಲಿಲ್ಲ. ವಾರವೆಲ್ಲ ರಸ್ತೆಯಲ್ಲಿ, ಸಂತೆಯಲ್ಲಿ, ಸ್ಕೂಲಿನಲ್ಲಿ ಕಣ್ಣು ಬಿಟ್ಟುಕೊಂಡು ಓಡಾಡಿದೆ. ನೋಡದೆ ಹೇಳಿದರೆ ಶನಿವಾರ ಸಿಕ್ಕಿಬೀಳುತ್ತಿದ್ದೆ.

ಸ್ವಾತಂತ್ರ್ಯ ಬಂದ ವರ್ಷ ನನಗೆ ಮಂಡ್ಯಕ್ಕೆ ವರ್ಗವಾಯಿತು. ಕಡೆಯ ಪ್ರವಚನಕ್ಕೆ ಕಾಲೊನಿಯೆಲ್ಲ ಬಂದಿತ್ತು. ಬಾಷಾ ಸಾಹೇಬರು ಕಟ್ಟೆಯ ಮೇಲೆ, ಮರಿಗೌಡ ಗೋಡೆಯ ಹತ್ತಿರ. ಕಡೆಯ ದಿನವಲ್ಲವೆ, ಸ್ವರ್ಗವನ್ನೇ ವರ್ಣಿಸೋಣ ಎಂದು ಸಿದ್ಧನಾಗಿ ಬಂದಿದ್ದೆ. ಬಾಯಿ ತೆರೆದೆ, ಚಿಕ್ಕತಾಯಮ್ಮನ ಮುಖ ನೋಡಿದೆ, ಮುಚ್ಚಿದೆ.

ಹೇಳಲು ಬೇರೆ ಏನೂ ಇರಲಿಲ್ಲ. ಆ ದಿನ ದಾರಿಯಲ್ಲಿ ಕಂಡದ್ದನ್ನು ಹೇಳಿದೆ. ಬಸ್ಸು ಕೆಟ್ಟು ನಿಂತಿತ್ತು. ಬಿಸಿಲು. ಒಳಗೆ ಒಂದು ಹಸುಗೂಸು ಅಳುತ್ತಿತ್ತು. ಹಿಂದಿನಿಂದ ಕಬ್ಬಿನ ಗಾಡಿ ಹೊಡೆದುಕೊಂಡು ಬಂದ ಒಬ್ಬ ಮುದುಕ ಗಾಡಿ ನಿಲ್ಲಿಸಿದ. ಯಾರನ್ನೂ ಏನೂ ಕೇಳಲಿಲ್ಲ. ಒಂದು ಜಲ್ಲೆ ಎಳೆದು, ಮಂಡಿಗೆ ಕೊಟ್ಟು ಮುರಿದು, ಬಸ್ಸಿನ ಕಿಟಕಿಕಿಟಕಿಗೂ ಒಂದೊಂದು ತುಂಡು ಕೊಡುತ್ತ ಬಂದ. ಕೂಸಿನ ತಾಯಿಗೆ ಮಾತ್ರ ತಾನೇ ಹಲ್ಲಿನಿಂದ ಸಿಪ್ಪೆ ಸಿಗಿದು ಕೊಟ್ಟ. ಮುಂದಿನ ಎರಡು ಹಲ್ಲು ಅವನಿಗೆ ಇರಲಿಲ್ಲ, ಪಕ್ಕದ ಹಲ್ಲಿನಲ್ಲಿ ಸಿಗಿದ. ಎತ್ತಿನ ಬೆನ್ನು ತಟ್ಟಿ ಹೊರಟುಹೋದ.

ಇಷ್ಟು ಹೇಳಿ ನಿಂತೆ. ನೀತಿಯನ್ನು ಹುಡುಕಿದೆ, ಸಿಗಲಿಲ್ಲ. ಸಭೆ ಕಾಯುತ್ತಿತ್ತು. ಕಾಯುತ್ತಲೇ ಇತ್ತು. ಕಡೆಗೆ ಯಾರೋ ಮಂಗಳಾರತಿ ತಟ್ಟೆ ಎತ್ತಿಕೊಂಡರು. ಚಿಕ್ಕತಾಯಮ್ಮ ತನ್ನ ಚಾಪೆ ಕೊಡವಿ ಸುತ್ತಿ, ನನ್ನ ಹತ್ತಿರ ಬಂದಳು.

"ಆ ಮುದ್ಕ ಯಾವೂರೋನು ಮೇಷ್ಟ್ರೆ?"

"ಗೊತ್ತಿಲ್ಲಮ್ಮ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಕೇಳ್ಬೇಕಾಗಿತ್ತು ಕನಪ್ಪ" ಎಂದು ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಗೆ ಹೋದಳು.